ಸತೂರಿಯೊನ ತೂಕ

ನನ್ನ ಬಾಲ್ಯದ ಗೆಳೆಯ ಸತೂರಿಯೊ ಸರಗೋಸಾ ನಗರದ ಬೇಕರಿಯೊಂದರಲ್ಲಿ ಆಯುಷ್ಯವಿಡೀ ಒಲೆಯ ಮುಂದೆ ನಿಂತು ಬ್ರೆಡ್ ಬೇಯಿಸಿದ. ಅಲ್ಲೇ ಮನೆ ಮಾಡಿದ, ಒಬ್ದೂಲಿಯಾಳನ್ನು ಮದುವೆಯಾದ. ಆದರೆ ಜೂನಿನಲ್ಲಿ ಕೆಂಡ ಹಾಯುವ ಸಾನ್ ಹುವಾನ್ ಹಬ್ಬಕ್ಕೆ ಸೋರಿಯಾ ಬೆಟ್ಟದ ನಮ್ಮ ಊರಿಗೆ ಬರುವುದನ್ನು ಒಂದು ವರ್ಷವೂ ತಪ್ಪಿಸಲಿಲ್ಲ. ಬಸ್ಸಿನಿಂದ ಇಳಿಯುವಾಗ ಬಗಲಲ್ಲಿ ನನಗೆಂದು ತಂದ ದೊಡ್ಡ ಬ್ರೆಡ್ಡು ಇರುತ್ತಿತ್ತು. "ತಿನ್ನೋ ಮಕಾರಿಯೊ, ತೂಕ ಬರ್ಲಿ" ಎನ್ನುತ್ತಿದ್ದ.

ನನ್ನ ತೂಕ ಬೇಕಾಗಿದ್ದದ್ದು ಅವನಿಗೆ. ನಮ್ಮಲ್ಲಿ ಕೆಂಡ ಹಾಯುವವರು ತಮಗೆ ಬೇಕಾದವರೊಬ್ಬರನ್ನು ಬೆನ್ನ ಮೇಲೆ ಹೊತ್ತು ಹಾಯುತ್ತಾರೆ. ಭಾರವಿದ್ದರೆ ಪಾದ ಪೂರ್ತಿ ಊರುತ್ತದೆ, ಅದರಡಿ ಕೆಂಡ ನಂದುತ್ತದೆ. ಹಗುರವಾಗಿ ಓಡಿದವನ ಕಾಲೇ ಸುಡುವುದು. ಒಬ್ದೂಲಿಯಾ ಬೆಂಕಿಯ ಹತ್ತಿರವೂ ಸುಳಿಯುವವಳಲ್ಲ. ಹಾಗಾಗಿ ಪ್ರತಿ ವರ್ಷ ಅವನ ಬೆನ್ನೇರುತ್ತಿದ್ದವನು ನಾನು. ಕುರಿ ಕಾಯುತ್ತ ಬೆಟ್ಟವೆಲ್ಲ ತುಳಿದಿದ್ದ ನನ್ನ ಕಾಲು ಕೆಂಡವನ್ನು ಮಾತ್ರ ತುಳಿದಿರಲಿಲ್ಲ.

ಹೋದ ವರ್ಷ ಅವನು ಬಸ್ಸಿನಿಂದ ಇಳಿದಾಗ ನನಗೆ ಗುರುತೇ ಹತ್ತಲಿಲ್ಲ. ಹೊಟ್ಟೆಯ ಕಾಯಿಲೆ ಅವನನ್ನು ಅಷ್ಟು ಕರಗಿಸಿತ್ತು. ಬ್ರೆಡ್ಡು ಒಬ್ದೂಲಿಯಾಳ ಕೈಯಲ್ಲಿತ್ತು.

"ಮೆಟ್ಟಿಲು ಹತ್ತಬಾರ್ದು ಅಂದಿದಾರೆ ಡಾಕ್ಟ್ರು," ಎಂದಳು. "ಬೆಂಕಿ ವಿಷ್ಯ ಇವ್ರು ಕೇಳ್ಲೇ ಇಲ್ಲ."

"ಕೇಳಿದ್ರೆ ಬೇಡ ಅಂತಿದ್ರು. ಇದೊಂದ್ ಸಲ ದಾಟ್ತೀನಿ ಕಣೇ. ಆಮೇಲೆ ನೀನು ಹೇಳಿದ್ಹಾಗೆ."

ಸಂಜೆ ಓಕ್ ಸೌದೆಯ ರಾಶಿಗೆ ಬೆಂಕಿ ಬಿತ್ತು. ಕೆಂಡವಾದ ಮೇಲೆ ಅದನ್ನು ಉದ್ದ ಕೋಲುಗಳಿಂದ ಹರಡಿ ಮಟ್ಟ ಮಾಡುವ ಹೊತ್ತಿಗೆ ಅವನು ನನ್ನನ್ನು ಎತ್ತಿ ನೋಡಿದ. ಮೊಣಕಾಲು ಕುಸಿಯಿತು. ಇನ್ನೊಮ್ಮೆ ನೋಡಿದ, ಆಗಲಿಲ್ಲ. ಕಲ್ಲಿನ ಮೆಟ್ಟಿಲ ಮೇಲೆ ಕೂತು, ಯಾರ ಮುಖವನ್ನೂ ನೋಡದೆ, ಬಿಚ್ಚಿಟ್ಟಿದ್ದ ಬೂಟು ಹಾಕಿಕೊಳ್ಳತೊಡಗಿದ.

ನಾನು ನನ್ನ ಬೂಟು ಬಿಚ್ಚಿ ಅವನ ಮುಂದೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತೆ. "ಹತ್ತು."

"ತಲೆ ಕೆಟ್ಟಿದ್ಯೇನೋ? ಬಿಸಿ ಸೂಪ್ ಕುಡಿಯೋಕೇ ಹೆದ್ರೋನು ನೀನು."

"ಈಗ್ಲೂ ಹೆದ್ರಿಕೆನೇ. ಮಾತಾಡ್ದೆ ಹತ್ತು."

ಒಬ್ದೂಲಿಯಾ ಅವನ ಕಾಲಿನಿಂದ ಬೂಟು ಎಳೆದುಕೊಂಡಳು. "ಬೀಳಿಸಿದ್ರೆ ನೋಡಿ ಮತ್ತೆ, ಮಕಾರಿಯೊ."

ನಮ್ಮ ಸರದಿಯ ಕಹಳೆ ಕೂಗಿತು. ಅವನ ಗಲ್ಲ ನನ್ನ ಕಿವಿಗೆ ಒತ್ತಿಕೊಂಡಿತ್ತು. "ಊರು... ಹಾಂ, ಇನ್ನೊಂದು... ಬೆರಳು ಎತ್ಬೇಡ್ವೋ ಕತ್ತೆ..." ಎನ್ನುತ್ತಲೇ ನನ್ನನ್ನು ಆಚೆ ಮುಟ್ಟಿಸಿದ.

ಬೆಳಿಗ್ಗೆ ನನ್ನ ಬಲ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಸತೂರಿಯೊ ಬಗ್ಗಿ ಅದನ್ನು ನೋಡಿದ.

"ತಪ್ಪು ನಂದೇ ಕಣೋ," ಎಂದ. "ಇನ್ನೊಂದ್ ನಾಕ್ ಬ್ರೆಡ್ ತಿಂದ್ ಬರ್ಬೇಕಿತ್ತು."

ಒಬ್ದೂಲಿಯಾ ನಕ್ಕಳು. ಆಮೇಲೆ ಎದ್ದು ಒಳಗೆ ಹೋದಳು.

ಅಕ್ಟೋಬರಿನಲ್ಲಿ ಅವನು ಹೋಗಿಬಿಟ್ಟ. ಈ ಸಲ ಬಸ್ಸಿನಿಂದ ಅವಳೊಬ್ಬಳೇ ಇಳಿದಳು, ಬಗಲಲ್ಲಿ ಬ್ರೆಡ್ಡು. ಹಬ್ಬದ ದಿನ ಕೆಂಡದ ಅಂಚಿನವರೆಗೂ ಬಂದು ನನ್ನ ಪಕ್ಕ ನಿಂತಳು.

"ನಾನು ಅವ್ರಷ್ಟು ಹಗುರ ಇಲ್ಲ," ಎಂದಳು.

"ಒಳ್ಳೇದೇ ಆಯ್ತು," ಎಂದು ನಾನು ಬೆನ್ನು ಬಗ್ಗಿಸಿದೆ.