ಶಾಂತಾ ಸೇರಿದ ಮೇಳ

ನವನಗರದ ನಿಲ್ದಾಣದಿಂದ ಇಳಕಲ್ ಬಸ್ಸು ಬೆಳಿಗ್ಗೆ ಎಂಟೂವರೆಗೆ ಹೊರಟಿತು. ಹೆಂಗಸರಿಗೆ ಪುಕ್ಕಟೆ, ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟರು. ಸೀರೆ ತರಲು ಹೋಗುತ್ತೇನೆಂದು ನಮ್ಮ ಭಜನಾ ಮೇಳದವರಿಗೆ ಹೇಳಿದ್ದೆ. ಖರೆ ಅಂದರೆ ಶಾಂತಾಳ ಹೊಸ ಮೇಳದ ಹಾಡು ಕೇಳಲು ಹೊರಟಿದ್ದೆ.

ಶಾಂತಾ ದವಾಖಾನೆಯ ನರ್ಸ್. ಐದು ವರ್ಷ ನಮ್ಮಲ್ಲಿ ತಾಳ ಬಾರಿಸಿದವಳು. ಹಾಡು ಎತ್ತುವವಳು ನಾನು. ಮೇಳ ನಡೆಯುವುದೇ ನನ್ನಿಂದ ಎಂದುಕೊಂಡಿದ್ದೆ. ಆರು ತಿಂಗಳ ಹಿಂದೆ ಅವಳಿಗೆ ಇಳಕಲ್ಲಿಗೆ ವರ್ಗವಾಯಿತು. ಆಮೇಲೆ ಎಲ್ಲರೂ ಹೊತ್ತಿಗೆ ಸರಿಯಾಗಿ ಬಂದರು, ತಪ್ಪಿಲ್ಲದೆ ಹಾಡಿದರು, ಮುಗಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಹೋದರು. ಮೊದಲಾದರೆ ಹಾಡಿಗಿಂತ ಹರಟೆಯೇ ಹೆಚ್ಚು, ಚಹಾ ಎರಡು ಸಲ ಕುದಿಯುತ್ತಿತ್ತು. "ಶಾಂತಕ್ಕ ಇದ್ದಾಗ..." ಎಂದು ಯಾರಾದರೂ ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಮೀನಗಡದಲ್ಲಿ ಇಳಿದು ಅರ್ಧ ಕಿಲೋ ಕರದಂಟು ಕೊಂಡೆ. ಹುನಗುಂದ ದಾಟುವಷ್ಟರಲ್ಲಿ ಕಿಟಕಿಯ ಸರಳು ಮುಟ್ಟಲಾರದಷ್ಟು ಕಾದಿತ್ತು.

ಬರುವುದನ್ನು ಮೊದಲೇ ತಿಳಿಸಿದ್ದರಿಂದ ಶಾಂತಾ ನಿಲ್ದಾಣಕ್ಕೇ ಬಂದಿದ್ದಳು. ರೊಟ್ಟಿ, ಎಣ್ಣೆಗಾಯಿ ಊಟವಾದ ಮೇಲೆ ನೇಕಾರರ ಮನೆಯೊಂದಕ್ಕೆ ಕರೆದೊಯ್ದಳು. ಮಗ್ಗ ನಿಲ್ಲಿಸಿ ಏಳೆಂಟು ಹೆಂಗಸರು ಕೂತಿದ್ದರು. ತಾಳ ಬೇರೊಬ್ಬಳ ಕೈಯಲ್ಲಿತ್ತು. ಹಾಡು ಎತ್ತಿದವಳು ಶಾಂತಾ. ತುಂಬು ದನಿ, ತುಸು ಒರಟು. ನಡುವೆ ಒಬ್ಬಳು ಸಾಲು ತಪ್ಪಿದಾಗ ಶಾಂತಾ ಆ ತಪ್ಪನ್ನೇ ರಾಗವಾಗಿ ಹಾಡಿದಳು; ಎಲ್ಲರೂ ನಕ್ಕು ಮತ್ತೆ ಹಿಡಿದರು.

"ನೀ ಹಾಡ್ತೀ ಅಂತ ನನಗ ಗೊತ್ತ ಇರಲಿಲ್ಲ," ಎಂದೆ.

"ನೀವು ಯಾವತ್ತೂ ಕೇಳಲೇ ಇಲ್ಲರಿ ಅಕ್ಕಾರ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಸೀರೆ ಅಂಗಡಿಗೆ ಹೋಗುವ ಮನಸ್ಸಾಗದೆ ನಾಲ್ಕರ ಬಸ್ಸು ಹಿಡಿದೆ. ದಾರಿಯುದ್ದಕ್ಕೂ, ಮೇಳದವರು ಕೇಳಿದರೆ ಹೇಳಲು ಒಂದು ಸುಳ್ಳು ಹೊಂದಿಸಿದೆ: ಶಾಂತಾಳ ದನಿ ಒಡೆದಿದೆ, ಅಲ್ಲಿನವರಿಗೆ ತಾಳವೇ ಗೊತ್ತಿಲ್ಲ.

ನಮ್ಮ ಮನೆಯ ಕಟ್ಟೆಯ ಮೇಲೆ ಮೇಳದ ಮೂವರು ಕಾದಿದ್ದರು. ನಾನು ಹಾಡು ಕೇಳಲು ಬಂದದ್ದನ್ನು ಶಾಂತಾ ಫೋನ್ ಮಾಡಿ ಅವರಿಗೆ ಹೇಳಿಬಿಟ್ಟಿದ್ದಳು.

"ಹೆಂಗ ಹಾಡ್ತಾರ್ರಿ ಅಲ್ಲಿಯವರು?" ಮೂವರಲ್ಲಿ ಕಿರಿಯಳಾದ ನೀಲವ್ವ ಕೇಳಿದಳು.

ಹೊಂದಿಸಿದ ಸುಳ್ಳು ನಾಲಗೆಗೆ ಬರಲಿಲ್ಲ. "ನಮಗಿಂತ ಛಲೋ ಹಾಡ್ತಾರ," ಎಂದೆ.

"ಹಂಗೇನಿಲ್ಲ ಬಿಡ್ರಿ" ಎಂದು ಒಬ್ಬರಾದರೂ ಅಂದಾರು ಎಂದು ಕಾದೆ. ಯಾರೂ ಅನ್ನಲಿಲ್ಲ.