ಎಫ್ ಟೂ ಮೇಲೆ ಕೈ, ಕಿಟಕಿಯಾಚೆ ಕಣ್ಣು

ಅರಕಲಗೂಡಿನಲ್ಲಿ ಲಾರಿ-ಗಾಡಿ ತೂಗುವ ಒಂದು ವೇಬ್ರಿಡ್ಜ್‌ಗೆ ತೂಕದ ಚೀಟಿ ಮುದ್ರಿಸುವ ಪ್ರೋಗ್ರಾಂ ಬರೆದುಕೊಟ್ಟದ್ದು ನನ್ನ ಯೌವನದ ಏಕೈಕ ಘನಕಾರ್ಯ. ಬೂದು ಬಣ್ಣದ ಒಂದೇ ಪರದೆ, ಮೌಸ್ ಬೇಡ, ಕೀಲಿಮಣೆಯ ಎಫ್ ಟೂ ಒತ್ತಿದರೆ ತೂಕ ದಾಖಲು. ಇಪ್ಪತ್ತು ವರ್ಷ ತುಟಿ ಪಿಟಕ್ಕೆನ್ನದೆ ದುಡಿಯಿತು. ಕಳೆದ ಸಲ ಶುಂಠಿ ಕೀಳುವ ಹೊತ್ತಿಗೆ ಅಲ್ಲಿನ ಕಂಪ್ಯೂಟರ್ ದೈವಾಧೀನವಾಯಿತು. ಮಾಲೀಕರು ಹೊಸದು ತಂದರು.

‘ಮೊಬೈಲ್ ತರ ಚೆಂದಾಗಿ ಕಾಣಂಗೆ ಮಾಡ್ಕೊಡಿ ಸಾ. ಸೋಮವಾರದಿಂದ ಲೋಡು ಬತ್ತವೆ.’

ಹೊಳೆನರಸೀಪುರದ ನನ್ನ ಕಂಪ್ಯೂಟರ್ ಅಂಗಡಿಯಲ್ಲಿ ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುತ್ತಿತ್ತು. ಹಳೆಯ ಪರದೆಯನ್ನು ಇದ್ದ ಹಾಗೇ ಹೊಸ ಚೌಕಟ್ಟಿನೊಳಗೆ ಕೂರಿಸಬಹುದೆಂದು ಹೊಸ ತಂತ್ರಾಂಶದ ಕೈಪಿಡಿ ಸ್ಪಷ್ಟವಾಗಿ ಹೇಳಿತ್ತು. ಓದಿಯೂ ಇದ್ದೆ. ಆದರೆ ಹಳೆಯದನ್ನು ಉಳಿಸಿದರೆ ಜನ ನನ್ನನ್ನೂ ಹಳಬರ ಪಟ್ಟಿಗೆ ಸೇರಿಸಿಬಿಟ್ಟಾರೆಂಬ ದಿಗಿಲು. ಎಲ್ಲವನ್ನೂ ಹೊಸದಾಗಿ ಬರೆದೆ: ಹಸಿರು ಗುಂಡಿ, ದುಂಡು ಮೂಲೆ, ಒಂದು ಲಾರಿಯ ಚಿತ್ರ.

ಸೋಮವಾರ ಮೊದಲ ಬಸ್ಸಿಗೇ ಹೋದೆ. ಒಬ್ಬ ರೈತ ಶುಂಠಿ ಲೋಡು ತೂಗಿಸಿ, ಇಳಿಸಿ, ಖಾಲಿ ಗಾಡಿ ತೂಗಿಸಲು ಮರಳಿ ಬಂದ. ಗಾಡಿಯನ್ನು ತೂಗುವ ಕಬ್ಬಿಣದ ಹಾಸಿನ ಮೇಲೆ ನಿಲ್ಲಿಸಿ, ಇಳಿದು ಕಿಟಕಿಗೆ ಬಂದ. ನಾನು ಹೊರಗೆ ಶತಪಥ ಹಾಕುತ್ತಿದ್ದೆ. ಚೀಟಿ ನೋಡಿದವನೇ ರೇಗಿದ.

‘ಏನಣ್ಣಾ ಇದು? ನನ್ ಗಾಡಿ ಖಾಲಿ ತೂಕ ನಂಗೆ ಬಾಯಿಪಾಠ. ಎಪ್ಪತ್ತೆಂಟು ಕೆಜಿ ಜಾಸ್ತಿ ಬಂದೈತೆ. ಲೋಡಿನ ತೂಕದಾಗೆ ಇದನ್ನ ಕಳೆದ್ರೆ ಅಷ್ಟು ಶುಂಠಿ ನಂದು ಓಯ್ತಲ್ಲ!’

‘ಮಿಷನ್ ಸುಳ್ಳೇಳಾಕಿಲ್ಲ ಕಣಪ್ಪಾ,’ ಅಂದ, ಒಳಗೆ ಕೂತು ತೂಗುವ ಮುದುಕ.

ರೈತ ಸುತ್ತ ಕಣ್ಣಾಡಿಸಿ ನನ್ನ ಪಾದಗಳನ್ನು ದಿಟ್ಟಿಸಿದ. ‘ಈ ಯಜಮಾನ್ರು ಎಷ್ಟು ತೂಗ್ತಾರೆ, ವಸಿ ಕೇಳು.’

ನಾನು ಹಾಸಿನ ಅಂಚಿನ ಮೇಲೆಯೇ ನಿಂತಿದ್ದೆ.

ಮುದುಕ ನನ್ನ ಕಡೆ ತಿರುಗಿದ. ‘ಮೊದ್ಲು ಕೈ ಎಫ್ ಟೂ ಮೇಲೆ, ಕಣ್ಣು ಕಿಟ್ಕಿ ಆಚೆ ಇರ್ತಿತ್ತು ಸಾ. ಯಾವನಾರ ಹಾಸಿನ ಮೇಲೆ ನಿಂತಿದ್ರೆ “ಇಳೀಲಾ” ಅಂತಿದ್ದೆ. ಈಗ ನಿಮ್ ಅಸ್ರು ಗುಂಡಿ ಎಲ್ಲೈತೆ ಅಂತ ಉಡುಕ್ತಾ ಕೂರಬೇಕು. ನಿಮ್ಮುನ್ನ ಯಾರು ನೋಡ್ತಾರೆ?’

ಇಪ್ಪತ್ತು ವರ್ಷದಲ್ಲಿ ಅವನು ಕೆಲಸ ಮಾಡುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಒಳಗೆ ಹೋಗಿ ಕೂತು, ನನ್ನ ಬಳಿಯಿದ್ದ ಹಳೆಯ ಬೂದು ಪರದೆಯನ್ನು ಹೊಸ ಚೌಕಟ್ಟಿನೊಳಗೆ ಕೂರಿಸಿದೆ. ಎಫ್ ಟೂ ಒತ್ತಿದರೆ ಚೌಕಟ್ಟೇ ಅದನ್ನು ನುಂಗಿ ಸುಮ್ಮನಿತ್ತು. ಒತ್ತಿದ್ದನ್ನು ಒಳಗಿನ ಪರದೆಗೆ ದಾಟಿಸಲು ಇನ್ನೊಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ರೈತ ನನ್ನ ಬೆನ್ನ ಹಿಂದಿನಿಂದ ಕದಲಲಿಲ್ಲ.

ಗಾಡಿ ಮತ್ತೆ ಹಾಸು ಹತ್ತಿತು. ಹೊರಗೆ ಬಂದೆ. ಮುದುಕ ಪರದೆ ಕಡೆ ನೋಡಲೇ ಇಲ್ಲ.

‘ಸಾ, ಇನ್ನೂ ಎರಡೆಜ್ಜೆ ಇಂದಕ್ಕೆ!’

ಹಿಂದೆ ಸರಿದೆ. ಒಳಗೆ ಎಫ್ ಟೂ ಟಕ್ ಎಂದಿತು. ರೈತ ಚೀಟಿ ಓದಿ, ಮಡಿಸಿ, ಜೇಬಿಗಿಟ್ಟುಕೊಂಡ.