ಮೊಳೆಯಣ್ಣನ ಹಲಗೆ

ಮೊಳೆಯಣ್ಣ ಮಂಗಳವಾರ ಮಧ್ಯಾಹ್ನ, ಊಟಕ್ಕೆ ಮುಂಚೆ, ಮೇಜಿನ ಮುಂದೆ ಕೂತಲ್ಲೇ ತೀರಿಕೊಂಡ. ಅರವತ್ತೆಂಟು ವರ್ಷ. ಹೃದಯ ನಿಂತಿತು ಎಂದು ಡಾಕ್ಟರು ಬರೆದುಕೊಟ್ಟರು. ಆ ಕಾಗದದಲ್ಲಿ ಎರಡು ತಪ್ಪಿದ್ದವು. ಗೆಳೆಯ ಕರಡಿ ನೋಡಿದ, ಜೇಬಿನ ಪೆನ್ಸಿಲು ಮುಟ್ಟಲಿಲ್ಲ. ಆ ಬುದ್ಧಿ ಎಂಟು ತಿಂಗಳ ಹಿಂದೆಯೇ ಬರಬೇಕಿತ್ತು.

ಕರಡಿ ಎಂದರೆ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದವನು. ಮೊಳೆಯಣ್ಣ ಅಲ್ಲೇ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದವನು. ಇಬ್ಬರೂ ಮೂವತ್ತೊಂದು ವರ್ಷ ಒಂದೇ ಕಿಟಕಿಯ ಬೆಳಕು ಹಂಚಿಕೊಂಡಿದ್ದರು. ಮೊಳೆಯಣ್ಣ ಕೆಲಸಕ್ಕೆ ಕೂತರೆ ಅಕ್ಷರದ ಪೆಟ್ಟಿಗೆಯ ಕಡೆ ತಲೆ ಎತ್ತುತ್ತಿರಲಿಲ್ಲ. ಹೆಚ್ಚು ಬೇಕಾಗುವ ಅಕ್ಷರಗಳ ಖಾನೆ ಕೈಗೆ ಹತ್ತಿರ, ಅಪರೂಪದವು ಮೇಲಿನ ಮೂಲೆಗಳಲ್ಲಿ. ಕಣ್ಣು ಹಸ್ತಪ್ರತಿಯ ಮೇಲೆ, ಬಾಯಿ ಕರಡಿಯನ್ನು ಗೇಲಿ ಮಾಡುತ್ತ, ಕೈ ಮಾತ್ರ ತನ್ನಷ್ಟಕ್ಕೆ ಖಾನೆಯಿಂದ ಖಾನೆಗೆ ಹೋಗಿ ಬರುತ್ತಿತ್ತು. "ಕೈಗೆ ಓದು ಬರುತ್ತೆ ಕಣೋ, ನನಗೇ ಬರಲ್ಲ" ಎನ್ನುತ್ತಿದ್ದ.

ಆಮೇಲೆ ಎದುರುಗಡೆ ಕಂಪ್ಯೂಟರಿನಲ್ಲೇ ಅಕ್ಷರ ಜೋಡಿಸಿಕೊಡುವ ಅಂಗಡಿ ಬಂತು. ಪ್ರೆಸ್ಸಿಗೆ ಬೀಗ ಬಿತ್ತು. ಮೊಳೆಗಳನ್ನು ಮೂಟೆ ಕಟ್ಟಿ ಗುಜರಿಗೆ ಹಾಕಿದರು. ಅದೇ ತಿಂಗಳು ಅವನ ಒಬ್ಬಳೇ ಮಗಳು ಆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ತಂದೆಯ ಅನ್ನ ಕಿತ್ತುಕೊಂಡವರ ಹತ್ತಿರ ಅನ್ನ ತಿನ್ನುವವಳು ಈ ಹೊಸ್ತಿಲು ತುಳಿಯಬಾರದು ಎಂದುಬಿಟ್ಟ. ಅವಳೂ ಅವನ ಮಗಳೇ. ತುಳಿಯಲಿಲ್ಲ. ಬೇರೆ ಊರಿಗೆ ಹೋದಳು. ಅಲ್ಲಿಂದ ಮೂರು ಕಾಗದ ಬಂದವು, ವಿಳಾಸ ಕೂಡ ಕಂಪ್ಯೂಟರಿನ ಅಕ್ಷರದಲ್ಲಿ. ಇದು ಅಕ್ಷರವೇ ಅಲ್ಲ ಎಂದು ಮೂರನ್ನೂ ಒಡೆಯದೆ ವಾಪಸು ಕಳಿಸಿದ. ನಾಲ್ಕನೆಯದು ಅವಳದಾಗಿರಲಿಲ್ಲ. ಜ್ವರದಲ್ಲಿ ಹೋದಳು ಎಂದು ಅವಳ ಕೋಣೆಯ ಗೆಳತಿ ತಿಳಿಸಿದ್ದಳು.

ಅಂದಿನಿಂದ ಅವನ ಹೆಂಡತಿ, ಕರಡಿ ಅತ್ತಿಗೆ ಎಂದು ಕರೆಯುತ್ತಿದ್ದವಳು, ಅವನ ಜೊತೆ ಮಾತು ಬಿಟ್ಟಳು. ಹೇಳಲೇಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದಳು. ಊಟ ಆರುತ್ತಿದೆ ಎಂದು ಗೋಡೆಗೆ, ನಲ್ಲಿಯಲ್ಲಿ ನೀರು ನಿಂತಿದೆ ಎಂದು ಗೋಡೆಗೆ. "ನಮ್ಮನೆ ಗೋಡೆ ಪುಣ್ಯ ಮಾಡಿದೆ" ಎಂದು ಮೊಳೆಯಣ್ಣ ಕರಡಿಯ ಹತ್ತಿರ ನಗಾಡುತ್ತಿದ್ದ. ಮೂರು ವರ್ಷ ಹೀಗೆ.

ಬಟ್ಟೆ ಹೊಲಿಯುವ ಅವಳ ತಂಗಿ ಒಂದು ದಿನ ಸುದ್ದಿ ತಂದಳು. ಗಿರಾಕಿಯೊಬ್ಬರ ಮನೆಯಲ್ಲಿ ಅಕ್ಷರ ಬರೆದ ಹಲಗೆಯ ಮೇಲೆ ಬಟ್ಟಲು ಮಗುಚಿ, ಅದರ ಮೇಲೆ ಬೆರಳಿಟ್ಟು ಕೂತರೆ ಸತ್ತವರು ಬಂದು ಬಟ್ಟಲು ಓಡಿಸುತ್ತಾರಂತೆ. ಅತ್ತಿಗೆ ಇದನ್ನೂ ಗೋಡೆಗೇ ಹೇಳಿದಳು. ಮೊಳೆಯಣ್ಣ ದೆವ್ವ ಭೂತ ನಂಬುವವನಲ್ಲ. ಆದರೂ ಮಾರನೆಯ ದಿನವೇ ದಪ್ಪ ರಟ್ಟು ತಂದು, ಅಳತೆಪಟ್ಟಿ ಹಿಡಿದು, ಕೂದಲೆಳೆಯಷ್ಟೂ ಓರೆಯಾಗದಂತೆ ಚೀಟಿಗಳಲ್ಲಿ ಅಕ್ಷರ ಬರೆದು ಅಂಟಿಸಿದ. ಅ ಆ ಇ ಈ ಅಂತಲ್ಲ. ಅವನಿಗೆ ಗೊತ್ತಿದ್ದ ಒಂದೇ ಕ್ರಮದಲ್ಲಿ, ಪೆಟ್ಟಿಗೆಯ ಖಾನೆಗಳಿದ್ದ ಹಾಗೆ. ಅದನ್ನು ಅವನು ಯೋಚಿಸಿ ಮಾಡಲಿಲ್ಲ.

ಗಂಡ ಹೆಂಡತಿ ಬೆರಳಿಟ್ಟರು. ಅಪ್ಪನ ಮೇಲೆ ಸಿಟ್ಟಿದೆಯಾ ಮಗಳೇ ಎಂದು ಅವಳು ಕೇಳಿದಳು. ಬಟ್ಟಲು ಒಂದು ಗಳಿಗೆ ನಡುಗಿ, ಸರಸರನೆ ಓಡಿತು. ಸ, ಟ, ಲ. ಗುಣಿತ, ಒತ್ತು ಎಲ್ಲ ಕೇಳಿದವರೇ ತುಂಬಿಕೊಳ್ಳಬೇಕು. ಸಿಟ್ಟಿಲ್ಲ ಎಂದು ಅವಳು ತುಂಬಿಕೊಂಡಳು. ಅತ್ತಳು. ಆಮೇಲೆ ಅವನ ಮುಖ ನೋಡಿ, "ರೀ, ಟೀ ಕುಡೀತೀರಾ?" ಎಂದಳು.

ಒಂದು ವರ್ಷ ಆ ಮನೆ ಮನೆಯಾಗಿತ್ತು. ಪ್ರತಿ ಭಾನುವಾರ ಮಧ್ಯಾಹ್ನ ಮಗಳು ಬರುತ್ತಿದ್ದಳು. ಕರಡಿಗೆ ಗೊತ್ತಾದಾಗ ಅವನೂ ನೋಡಲು ಹೋದ. ಹಲಗೆ ಕಂಡ ಕೂಡಲೇ ಖಾನೆಗಳ ಗುರುತು ಹತ್ತಿತು. ಬಟ್ಟಲು ಓಡುವಾಗ ಮೊಳೆಯಣ್ಣನ ಕಣ್ಣು ಹಲಗೆಯ ಮೇಲಿಲ್ಲದ್ದೂ ಕಂಡಿತು. ಸುಮ್ಮನೆ ಟೀ ಕುಡಿದು ಎದ್ದು ಬರಬಹುದಿತ್ತು. ಆದರೆ ಹೊಟ್ಟೆಪಾಡಿಗೆ ಕಲಿತ ಚಟ, ತಪ್ಪು ಕಂಡ ಮೇಲೆ ಗುರುತು ಹಾಕದೆ ಪುಟ ತಿರುವಿದವನಲ್ಲ. ಅತ್ತಿಗೆಯಂಥವಳಿಗೆ ನಿಜ ತಿಳಿಯಬೇಡವೇ ಎಂದು ತನಗೆ ತಾನೇ ಹೇಳಿಕೊಂಡ.

ಮುಂದಿನ ಭಾನುವಾರ, ಒಂದು ಸಣ್ಣ ಪರೀಕ್ಷೆ ಎಂದು ಇಬ್ಬರ ಕಣ್ಣಿಗೂ ಟವೆಲು ಕಟ್ಟಿದ. ಸದ್ದಾಗದಂತೆ ಹಲಗೆಯನ್ನು ಮೇಲಂಚು ಕೆಳಗೆ ಬರುವ ಹಾಗೆ ತಿರುಗಿಸಿ ಬಟ್ಟಲನ್ನು ನಡುವೆ ಇಟ್ಟ. ಅತ್ತಿಗೆ ಅದೇ ಪ್ರಶ್ನೆ ಕೇಳಿದಳು. ಬಟ್ಟಲು ಎಂದಿನ ಹುರುಪಿನಲ್ಲೇ ಓಡಿ ಝ ಮುಟ್ಟಿತು, ಘ ಮುಟ್ಟಿತು, ಆಮೇಲೆ ಖಾಲಿ ಅಂಚಿಗೆ ಹೋಗಿ ನಿಂತಿತು. ಕರಡಿ ಒಂದೊಂದನ್ನೂ ಗಟ್ಟಿಯಾಗಿ ಓದಿ ಹೇಳಿದ. ಹಲಗೆಯನ್ನು ನೆಟ್ಟಗೆ ಮಾಡಿ, ಇನ್ನೊಮ್ಮೆ ಕೇಳಿ ಅತ್ತಿಗೆ ಎಂದ. ಸ, ಟ, ಲ. ಟವೆಲು ಬಿಚ್ಚಿ, ತಾನು ಮಾಡಿದ್ದನ್ನೂ ಖಾನೆಗಳ ಲೆಕ್ಕವನ್ನೂ ವಿವರವಾಗಿ ತಿಳಿಸಿದ. ಚೆನ್ನಾಗಿಯೇ ವಿವರಿಸಿದ, ಅದರಲ್ಲಿ ಅವನದು ಎತ್ತಿದ ಕೈ.

ಅತ್ತಿಗೆ ಗಂಡನ ಕೈಯನ್ನೇ ನೋಡುತ್ತಿದ್ದಳು.

"ನಿಮ್ಮ ತಪ್ಪಿಗೆ ನೀವೇ ಕ್ಷಮೆ ಜೋಡಿಸ್ಕೊಂಡ್ರಾ?" ಎಂದಳು. ಅವನ ಜೊತೆ ಅವಳಾಡಿದ ಕೊನೆಯ ಮಾತು ಅದು.

ಮೊಳೆಯಣ್ಣ ಕರಡಿಯನ್ನು ಬೀದಿಯ ತನಕ ಕಳಿಸಲು ಬಂದ. "ನಂಗೆ ಗೊತ್ತಿರ್ಲಿಲ್ಲ ಕಣೋ. ಅವಳೇ ಬರ್ತಾಳೆ ಅಂತಿದ್ದೆ." ಕರಡಿ ಏನೋ ಹೇಳಹೊರಟ. "ನೀನು ತಿದ್ದಿದ್ದು ಸರಿ ಕಣೋ ಕರಡಿ. ಆದ್ರೆ ಪುಸ್ತಕ ಆಗ್ಲೇ ಅಚ್ಚಾಗಿತ್ತಲ್ಲೋ," ಎಂದು ಒಳಗೆ ಹೋದ.

ಎಂಟು ತಿಂಗಳು ಗೋಡೆಯೇ ಎಲ್ಲ ಕೇಳಿಸಿಕೊಂಡಿತು. ಕರಡಿ ಆ ಬೀದಿಗೆ ಕಾಲಿಡಲಿಲ್ಲ. ಸಾವಿನ ಸುದ್ದಿ ಕೇಳಿ ಹೋದಾಗ ಮೇಜಿನ ಮೇಲೆ ಹೊಸ ರಟ್ಟಿತ್ತು. ಅಕ್ಷರಗಳು ಒಂದರ ಮೇಲೊಂದು ಹತ್ತಿದ್ದವು, ಕೆಲವು ಅಡ್ಡ ಬಿದ್ದಿದ್ದವು, ನಾಲ್ಕೈದು ಮಗುಚಿ ಬೆನ್ನು ತೋರಿಸುತ್ತಿದ್ದವು. ಇಂಥ ಪುಟವನ್ನು ಮೊಳೆಯಣ್ಣ ಬದುಕಿನಲ್ಲಿ ಕಟ್ಟಿದವನಲ್ಲ. ಉಳಿದದ್ದನ್ನು ಅತ್ತಿಗೆ ಹೇಳಿದಳು.

ಮಂಗಳವಾರ ಬೆಳಿಗ್ಗೆ ಅವನು ಹಳೆಯ ಹಲಗೆಯ ಅಕ್ಷರಗಳನ್ನೆಲ್ಲ ಕತ್ತರಿಸಿ ಚೀಲಕ್ಕೆ ಹಾಕಿ ಕುಲುಕಿದ. ಕಣ್ಣಿಗೆ ಟವೆಲು ಕಟ್ಟಿಕೊಂಡು, ತಡಕಾಡುತ್ತ, ಒಂದೊಂದಾಗಿ ತೆಗೆದು ಅಂಟಿಸಿದ. ಎರಡು ತಾಸು ಹಿಡಿಯಿತು. ಆಮೇಲೆ ಅಡುಗೆಮನೆಯ ಕಡೆ ಮುಖ ಮಾಡಿ, "ಬಾರೇ ಒಂದ್ಸಲ. ಈಗ ಯಾವ್ದು ಎಲ್ಲಿದೆ ಅಂತ ನನ್ನ ಕೈಗೂ ಗೊತ್ತಿಲ್ಲ. ಅವಳು ಏನಂತಾಳೋ ಅನ್ಲಿ," ಎಂದ.

ಕೈ ಹಿಟ್ಟಾಗಿದೆ ಎಂದು ಅವಳು ಗೋಡೆಗೆ ಹೇಳಿದಳು. ಕೈಯಲ್ಲಿ ಹಿಟ್ಟೇನೂ ಇರಲಿಲ್ಲ ಎಂದು ಕರಡಿಗೆ ಎರಡು ಸಲ ಹೇಳಿದಳು.

ಅವನು ಸ್ವಲ್ಪ ಹೊತ್ತು ಕಾದ. ಟವೆಲು ಬಿಚ್ಚಲಿಲ್ಲ. ಬಟ್ಟಲನ್ನು ತಡವಿ ಹುಡುಕಿ ರಟ್ಟಿನ ನಡುವೆ ಮಗುಚಿದ. ಮೊಳೆ ಜೋಡಿಸುವ ಬಲಗೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡು, ಎಡಗೈಯ ಒಂದು ಬೆರಳನ್ನು ಬಟ್ಟಲಿನ ಮೇಲಿಟ್ಟ.